ಚಡಾವಿನ ದಾರಿಗೊಂದು ಸೈಕಲ್: ಕಾಸರಗೋಡಿನ ಒಳನಾಡಿನಿಂದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಳನಾಡಿನಲ್ಲಿ, ಕುಂಬಳೆಯಿಂದ ಬದಿಯಡ್ಕದತ್ತ ಹೋಗುವ ರಸ್ತೆಯ ಆಸುಪಾಸಿನ ಒಂದು ಹಳ್ಳಿಯಲ್ಲಿ ವಾಸಿಸುವ, ನಲವತ್ತರ ಹತ್ತಿರದ ಒಬ್ಬ ಮಹಿಳೆ ತಮ್ಮ ಉದ್ಯೋಗದ ಓಡಾಟಕ್ಕೆ ಸೈಕಲ್ ಆರಿಸಿಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಅಡಿಕೆ ಹಾಳೆಯಿಂದ ತಟ್ಟೆ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಲೆಕ್ಕಪತ್ರ ನೋಡುವುದೂ ಪ್ಯಾಕಿಂಗಿನ ಮೇಲ್ವಿಚಾರಣೆಯೂ ಅವರ ಕೆಲಸ. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಊರು, ಘಟಕ, ಅಂಗಡಿ ಯಾವುದರ ಹೆಸರನ್ನೂ ಹೇಳಿಲ್ಲ. ಆಯ್ಕೆಯ ಉದ್ದಕ್ಕೂ ನಾನು ಅವರ ಜತೆಗಿದ್ದುದರಿಂದ ಪ್ರತಿಯೊಂದು ತೀರ್ಮಾನದ ಹಿಂದಿನ ಲೆಕ್ಕಾಚಾರವನ್ನು ವಿವರವಾಗಿ ಹೇಳಬಲ್ಲೆ.

ಈ ಭಾಗದ ನೆಲದ ಸ್ವರೂಪ ಗೊತ್ತಿಲ್ಲದವರಿಗೆ ಮುಂದಿನ ಮಾತು ಅರ್ಥವಾಗಲಾರದು. ಇಲ್ಲಿ ಮನೆಗಳು ಸಾಮಾನ್ಯವಾಗಿ ತಗ್ಗಿನಲ್ಲಿ, ಅಡಿಕೆ ತೋಟದ ಬದಿಯಲ್ಲೋ ಬೈಲಿನ (ತಗ್ಗಿನ ಗದ್ದೆಯ) ಅಂಚಿನಲ್ಲೋ ಇರುತ್ತವೆ. ಶಾಲೆ, ಅಂಗಡಿ, ಸಣ್ಣ ಕೈಗಾರಿಕೆಗಳು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪದವಿನ, ಅಂದರೆ ಎತ್ತರದ ಬಯಲಿನ, ಮೇಲೆ. ಇವೆರಡರ ನಡುವೆ ಒಂದಾದರೂ ಚಡಾವು, ಅಂದರೆ ಏರುದಾರಿ, ಇದ್ದೇ ಇರುತ್ತದೆ. ಅವರ ದಾರಿಯೂ ಹಾಗೆಯೇ ಇತ್ತು: ಬೈಲಿನಲ್ಲಿ 1.3 ಕಿಲೋಮೀಟರ್ ಸಮತಟ್ಟು, ಆಮೇಲೆ 400 ಮೀಟರ್ ಏರು, ಅಲ್ಲಿಂದ ಪದವಿನ ಮೇಲೆ 2.1 ಕಿಲೋಮೀಟರ್. ಒಟ್ಟು 3.8 ಕಿಲೋಮೀಟರ್.

ಬಸ್ಸು ಈ ದಾರಿಯ ನಡುವಿನ ಸುಮಾರು ಎರಡು ಕಿಲೋಮೀಟರಿಗೆ ಮಾತ್ರ ಒದಗುತ್ತಿತ್ತು. ಬಸ್ ಸ್ಟಾಪಿಗೆ ನಡೆಯುವುದು, ಕಾಯುವುದು, ಇಳಿದ ಮೇಲೆ ಮತ್ತೆ ನಡೆಯುವುದು ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತಿತ್ತು. ಬಸ್ಸು ತಪ್ಪಿದ ದಿನ ಆಟೋ. ಕೇರಳದಲ್ಲಿ 2022ರ ಮೇ ತಿಂಗಳಿಂದ ಜಾರಿಗೆ ಬಂದ ದರದಂತೆ ಬಸ್ಸಿನ ಕನಿಷ್ಠ ಟಿಕೆಟು 10 ರೂಪಾಯಿ; ಆಟೋಕ್ಕೆ ಮೊದಲ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ, ಮುಂದೆ ಕಿಲೋಮೀಟರಿಗೆ 15. ಅಂದರೆ ಈ ದಾರಿಗೆ ಆಟೋ ಒಂದು ಸಲಕ್ಕೆ ಸುಮಾರು 65 ರೂಪಾಯಿ. ತಿಂಗಳಿಗೆ ಆರು ಸಲವಾದರೂ ಆಟೋ ಹಿಡಿಯಬೇಕಾಗುತ್ತಿತ್ತೆಂದು ಅವರ ಲೆಕ್ಕದ ಪುಸ್ತಕ ಹೇಳುತ್ತಿತ್ತು. ಹೀಗೆ ಓಡಾಟಕ್ಕೆ ತಿಂಗಳಿಗೆ 800 ರೂಪಾಯಿಗಿಂತ ಸ್ವಲ್ಪ ಹೆಚ್ಚು ಹೋಗುತ್ತಿತ್ತು.

ಸಮಸ್ಯೆ

ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಯೋಜನೆಯ ಅಯಲ್‌ಕೂಟದ (ನೆರೆಹೊರೆಯ ಗುಂಪಿನ) ಉಳಿತಾಯದಿಂದ ಅವರು ಬದಿಗಿಟ್ಟ ಮೊತ್ತ 8,500 ರೂಪಾಯಿ. ಸಾಲ ಮಾಡುವುದಿಲ್ಲವೆಂಬುದು ಮೊದಲೇ ನಿಶ್ಚಯವಾಗಿತ್ತು. ಕೊಲ್ಲಿ ದೇಶದಲ್ಲಿರುವ ಕಿರಿಯ ಸೋದರ ಸ್ಕೂಟರಿಗೆ ಹಣ ಕಳುಹಿಸುತ್ತೇನೆಂದಿದ್ದರೂ ಪೆಟ್ರೋಲು, ವಿಮೆ, ಲೈಸೆನ್ಸುಗಳ ಖರ್ಚು ತಮ್ಮ ಮೇಲೆಯೇ ಬೀಳುತ್ತದೆಂದು ಅವರು ಒಪ್ಪಲಿಲ್ಲ. ವಿದ್ಯುತ್ ಸೈಕಲಿನ ಮಾತೂ ಬಂದಿತ್ತು. ಮೋಟಾರಿನ ಶಕ್ತಿ 0.25 ಕಿಲೋವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದರೆ ಅಂತಹ ಸೈಕಲಿಗೆ ನೋಂದಣಿ ಬೇಕಾಗಿಲ್ಲ ಎಂಬುದು ಆಕರ್ಷಕವೇ ಆಗಿತ್ತು, ಆದರೆ ಬೆಲೆ ಅವರ ಮೊತ್ತದ ಮೂರು ಪಟ್ಟು. ಆ ವಿಚಾರ ಅಲ್ಲಿಗೇ ನಿಂತಿತು.

ಉಳಿದದ್ದು ಸಾಮಾನ್ಯ ಸೈಕಲ್. ಅಲ್ಲಿಯೂ ಸಲಹೆಗಳು ಎರಡು ದಿಕ್ಕಿಗೆ ಎಳೆಯುತ್ತಿದ್ದವು. ಚಡಾವಿರುವುದರಿಂದ ಗೇರು ಬೇಕೇ ಬೇಕು, ದಪ್ಪ ಟಯರು ಮತ್ತು ಸಸ್ಪೆನ್ಷನ್ ಇದ್ದರೆ ಹೊಂಡಗುಂಡಿ ತಿಳಿಯುವುದಿಲ್ಲ ಎಂದು ಮನೆಯ ಹುಡುಗರೂ ಅಂಗಡಿಯವರೂ ಹೇಳಿದರು. ಹಳೆಯ ಮಾದರಿಯ ಲೇಡೀಸ್ ಸೈಕಲೇ ಸಾಕು, ಅದರಲ್ಲಿ ಕೆಡುವುದಕ್ಕೆ ಏನೂ ಇಲ್ಲ ಎಂದು ಹಿರಿಯರು ಹೇಳಿದರು. ಎರಡೂ ಸಲಹೆಗಳಲ್ಲಿ ಸತ್ಯವಿತ್ತು. ಎರಡೂ ಸೈಕಲನ್ನು ನೋಡಿ ಹೇಳಿದ ಮಾತುಗಳಾಗಿದ್ದವು, ದಾರಿಯನ್ನು ನೋಡಿ ಹೇಳಿದವಲ್ಲ ಎಂಬುದು ನನಗೆ ಕಂಡ ಕೊರತೆ. ಆದ್ದರಿಂದ ಅಂಗಡಿಗೆ ಹೋಗುವುದನ್ನು ಮುಂದೂಡಿ, 2025ರ ಮಳೆಗಾಲ ಮುಗಿಯುವ ಮೊದಲೇ ದಾರಿಯನ್ನು ಪರೀಕ್ಷಿಸುವುದೆಂದು ತೀರ್ಮಾನಿಸಿದೆವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಸೈಕಲನ್ನು ಬೇಸಿಗೆಯಲ್ಲಿ ಪರೀಕ್ಷಿಸಿ ಕೊಳ್ಳುವುದು ಅರ್ಧ ಪರೀಕ್ಷೆ ಮಾತ್ರ.

ದಾರಿಯ ಅಳತೆ, ಎರಡು ಎರವಲು ಸೈಕಲ್‌ಗಳು

ಮೊದಲು ಏರನ್ನು ಅಳೆದೆವು. ಅದಕ್ಕೆ ದೊಡ್ಡ ಉಪಕರಣವೇನೂ ಬೇಕಾಗಲಿಲ್ಲ. ಮೇಸ್ತ್ರಿಯೊಬ್ಬರಿಂದ ರಸಮಟ್ಟವನ್ನೂ ಒಂದು ಮೀಟರ್ ಉದ್ದದ ನೇರ ಹಲಗೆಯನ್ನೂ ಕೇಳಿ ತಂದೆವು. ಹಲಗೆಯ ಒಂದು ತುದಿಯನ್ನು ರಸ್ತೆಗೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಮೇಲಿಟ್ಟ ರಸಮಟ್ಟದ ಗುಳ್ಳೆ ಮಧ್ಯಕ್ಕೆ ಬರುವವರೆಗೆ ಎತ್ತಿ, ಆ ತುದಿಯಿಂದ ರಸ್ತೆಗೆ ಎಷ್ಟು ಸೆಂಟಿಮೀಟರ್ ಎಂದು ನೋಡಿದರೆ ಅದೇ ನೂರಕ್ಕೆ ಇಷ್ಟು ಎಂಬ ಏರಿನ ಪ್ರಮಾಣ. ಚಡಾವಿನ ಉದ್ದಕ್ಕೂ ಅಲ್ಲಲ್ಲಿ ಹೀಗೆ ಅಳೆದಾಗ ಸರಾಸರಿ ಏರು ನೂರಕ್ಕೆ 7ರಷ್ಟಿದೆಯೆಂದೂ, ಮೇಲಿನ 150 ಮೀಟರಿನಲ್ಲಿ ಅದು 9ನ್ನು ಮುಟ್ಟುತ್ತದೆಂದೂ ತಿಳಿಯಿತು. ಚಡಾವಿನ ಬುಡದಲ್ಲಿ ರಸ್ತೆ ಒಂದು ಮೋರಿಯ ಬಳಿ ತಿರುಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟುತ್ತದೆ. ಈ ಕೊನೆಯ ವಿವರವನ್ನು ಆ ದಿನ ಸುಮ್ಮನೆ ಬರೆದಿಟ್ಟುಕೊಂಡಿದ್ದೆವು. ಕೊನೆಗೆ ಎಲ್ಲವನ್ನೂ ನಿರ್ಧರಿಸಿದ್ದು ಅದೇ.

ಎರಡು ಸೈಕಲ್‌ಗಳನ್ನು ಎರವಲು ತಂದೆವು. ಒಂದು, ಅಕ್ಕನ ಮಗನ 21 ಗೇರಿನ, ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ ಸೈಕಲ್. ಇನ್ನೊಂದು, ನೆರೆಮನೆಯ ಹಳೆಯ ಲೇಡೀಸ್ ಸೈಕಲ್. ಗೇರಿಲ್ಲ, ಉಕ್ಕಿನ ರಿಮ್ಮು, ರಬ್ಬರಿನ ಕಟ್ಟೆ ರಿಮ್ಮನ್ನು ಹಿಡಿಯುವ ಸಾಮಾನ್ಯ ಬ್ರೇಕು.

ಗೇರಿನ ಸೈಕಲಿನಲ್ಲಿ ಅವರು ಚಡಾವನ್ನು ಕಾಲು ಕೆಳಗಿಡದೆ ಏರಿದರು. ಅದು ಸಣ್ಣ ಸಂಗತಿಯಲ್ಲ. ಶಾಲಾ ದಿನಗಳ ನಂತರ ಸೈಕಲ್ ಮುಟ್ಟದವರು ಅವರು. ಆದರೆ ಹಿಂದಿನ ಸಸ್ಪೆನ್ಷನ್ ಪ್ರತಿ ತುಳಿತಕ್ಕೂ ಕುಸಿದು ಏಳುತ್ತಿದ್ದುದರಿಂದ ಹಾಕಿದ ಶಕ್ತಿಯ ಒಂದು ಭಾಗ ವ್ಯರ್ಥವಾಗುತ್ತಿತ್ತು. ಅಡ್ಡಪಟ್ಟಿ ಎತ್ತರದಲ್ಲಿದ್ದುದರಿಂದ ಚೂಡಿದಾರದಲ್ಲಿ ಹತ್ತಿ ಇಳಿಯುವುದು ತ್ರಾಸದಾಯಕವಾಗಿತ್ತು. ಮಡ್‌ಗಾರ್ಡ್ ಇಲ್ಲದ ಕಾರಣ ಕೆಂಪು ಕೆಸರು ಬೆನ್ನಿನವರೆಗೆ ಹಾರಿತು. ಚೈನು ಗೇರಿನಿಂದ ಗೇರಿಗೆ ಸರಿಯಬೇಕಾದ ಸೈಕಲಿನಲ್ಲಿ ಅದನ್ನು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಮುಚ್ಚಲಾಗುವುದಿಲ್ಲ; ಹೀಗಾಗಿ ಮುರಕಲ್ಲಿನ ಹುಡಿ ಸೇರಿ ಕೆಲವೇ ದಿನಗಳಲ್ಲಿ ಗೇರು ಜಾರತೊಡಗಿತು.

ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಸಂಗತಿ ಬೇರೆಯೇ ಇದೆ. 21 ಗೇರುಗಳಲ್ಲಿ ಅವರು ತಮಗರಿವಿಲ್ಲದೆಯೇ ಎರಡನ್ನು ಮಾತ್ರ ಬಳಸುತ್ತಿದ್ದರು. ಚೈನು ಕೂರುವ ಚಕ್ರಗಳ ಹಲ್ಲುಗಳನ್ನು ಎಣಿಸಿ ನೋಡಿದೆವು. ಏರಿನಲ್ಲಿ ಮುಂದೆ 34, ಹಿಂದೆ 28. ಸಮತಟ್ಟಿನಲ್ಲಿ ಮುಂದೆ 34, ಹಿಂದೆ 16. ಚಕ್ರದ ಸುತ್ತಳತೆಯಿಂದ ಗುಣಿಸಿದಾಗ ಏರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.5 ಮೀಟರ್, ಸಮತಟ್ಟಿನಲ್ಲಿ 4.4 ಮೀಟರ್ ಮುಂದೆ ಹೋಗುತ್ತಿತ್ತು. ನೆರೆಮನೆಯ ಲೇಡೀಸ್ ಸೈಕಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು. ಅಲ್ಲಿ ಒಂದು ಸುತ್ತಿಗೆ 5.1 ಮೀಟರ್. ಆ ಸೈಕಲ್ ಸಮತಟ್ಟಿನಲ್ಲೂ ಕಾಲಿಗೆ ಭಾರವೆಂದು ಅವರು ಹೇಳುತ್ತಿದ್ದುದಕ್ಕೆ ಕಾರಣ ಸೈಕಲಿನ ತೂಕವಲ್ಲ, ಈ ಅನುಪಾತ. ಸವಾರರು, ಸೈಕಲ್, ಚೀಲ ಸೇರಿ 80 ಕಿಲೋ ಆಗುವಲ್ಲಿ ಸೈಕಲಿನ ತೂಕ ಎರಡು ಮೂರು ಕಿಲೋ ಹೆಚ್ಚಾದರೂ ಕಡಿಮೆಯಾದರೂ ಏರಿನ ಶ್ರಮದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಮೂರು ನಾಲ್ಕು. ಅಂಗಡಿಗಳಲ್ಲಿ ತೂಕದ ಬಗ್ಗೆ ಕೇಳಿಬರುವಷ್ಟು ಮಾತು ಹಲ್ಲುಗಳ ಬಗ್ಗೆ ಕೇಳಿಬರುವುದಿಲ್ಲ ಎಂಬುದು ನಿಜಕ್ಕೂ ವಿಷಾದದ ವಿಷಯ.

ತಿರುವು

ಮಳೆ ಬಿಟ್ಟ ಒಂದು ಸಂಜೆ ಅವರು ಲೇಡೀಸ್ ಸೈಕಲಿನಲ್ಲಿ ಚಡಾವು ಇಳಿಯುತ್ತಿದ್ದಾಗ ಎರಡೂ ಬ್ರೇಕನ್ನು ಪೂರ್ತಿ ಹಿಡಿದರೂ ವೇಗ ತಗ್ಗಲಿಲ್ಲ. ಪುಣ್ಯಕ್ಕೆ ಆಗ ಇನ್ನೂ ಚಡಾವಿನ ಮೇಲ್ಭಾಗದಲ್ಲಿದ್ದು ವೇಗ ಕಡಿಮೆಯಿದ್ದುದರಿಂದ ಕಾಲನ್ನು ನೆಲಕ್ಕೆ ಒತ್ತಿ ನಿಲ್ಲಿಸಿಕೊಂಡರು. ಅದೇ ಇಳಿಜಾರಿನಲ್ಲಿ ಬ್ರೇಕಿಲ್ಲದೆ ಬಿಟ್ಟರೆ ಬುಡ ತಲುಪುವ ಹೊತ್ತಿಗೆ ವೇಗ ಗಂಟೆಗೆ 40 ಕಿಲೋಮೀಟರಿನ ಹತ್ತಿರ ಬರುತ್ತದೆ, ಮತ್ತು ಬುಡದಲ್ಲಿ ಆ ಪಾಚಿಯ ತಿರುವಿದೆ.

ಮರುದಿನ ಪದವಿನ ಸಮತಟ್ಟು ರಸ್ತೆಯಲ್ಲಿ ಇದನ್ನು ಪರೀಕ್ಷಿಸಿದೆವು. ಸಾಧಾರಣ ವೇಗದಲ್ಲಿ ಬಂದು ಗುರುತು ಹಾಕಿದ ಗೆರೆಯಲ್ಲಿ ಬ್ರೇಕು ಹಿಡಿಯುವುದು, ಸೈಕಲ್ ನಿಂತ ಜಾಗದವರೆಗೆ ಅಳೆಯುವುದು. ರಿಮ್ಮು ಒಣಗಿದ್ದಾಗ ಎರಡು ಮಾರಿನೊಳಗೆ ನಿಂತ ಅದೇ ಸೈಕಲ್, ರಿಮ್ಮಿಗೆ ಚೊಂಬಿನಿಂದ ನೀರು ಹೊಯ್ದಾಗ ಆರು ಮಾರು ಹೋಯಿತು. ಗೇರಿನ ಸೈಕಲಿನ ಡಿಸ್ಕ್ ಬ್ರೇಕಿನಲ್ಲಿ ಒದ್ದೆಗೂ ಒಣಕ್ಕೂ ವ್ಯತ್ಯಾಸ ಅತಿ ಕಡಿಮೆ.

ಕಾರಣ ಲೋಹದಲ್ಲಿದೆ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮಿನ ಮೇಲ್ಮೈ ಬಹಳ ನುಣುಪು. ಅದರ ಮೇಲೆ ನಿಲ್ಲುವ ನೀರಿನ ಪದರವನ್ನು ರಬ್ಬರಿನ ಕಟ್ಟೆ ಬೇಗ ಒರೆಸಲಾರದು. ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮಿನಲ್ಲಿ, ಅಂದರೆ ಅಂಗಡಿಯವರು ಅಲಾಯ್ ಎನ್ನುವುದರಲ್ಲಿ, ಒದ್ದೆಯಾದಾಗಲೂ ಕಟ್ಟೆಗೆ ಹಿಡಿತ ಸಿಗುತ್ತದೆ. ಬ್ರೇಕಿನ ಆಕಾರ, ಹಿಡಿಕೆಯ ಅಂದ, ಕೇಬಲಿನ ದಪ್ಪ ಇವೆಲ್ಲಕ್ಕಿಂತ ರಿಮ್ಮಿನ ಲೋಹವೇ ಮಳೆನಾಡಿನ ಸೈಕಲಿಗೆ ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಕಡಿಮೆ ಬೆಲೆಯ ಲೇಡೀಸ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಬರುವುದು ಉಕ್ಕಿನ ರಿಮ್ಮೇ.

ಈಗ ಪ್ರಶ್ನೆ ಸ್ಪಷ್ಟವಾಯಿತು. ಇರುವ ಹಣದಲ್ಲಿ ಒಳ್ಳೆಯ ಗೇರು ಮತ್ತು ಒಳ್ಳೆಯ ಬ್ರೇಕು ಎರಡೂ ಇರುವ ಹೊಸ ಸೈಕಲ್ ಬರುವುದಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್ ಸೇರಿಸಿದರೆ ಅಂತಹದಕ್ಕೆ 11,000 ದಾಟುತ್ತಿತ್ತು. ಒಂದನ್ನು ಬಿಡಬೇಕು. ಗೇರನ್ನು ಬಿಟ್ಟರೆ ನಷ್ಟವೆಷ್ಟು ಎಂದು ಲೆಕ್ಕ ಹಾಕಿದೆವು. ಗೇರಿಲ್ಲದ ಸೈಕಲಿನಲ್ಲಿ ಚಡಾವಿನ ಕೆಳಗಿನ 250 ಮೀಟರನ್ನು ಹೇಗೋ ತುಳಿಯಬಹುದು. ಕಡಿದಾದ 150 ಮೀಟರನ್ನು ಇಳಿದು ತಳ್ಳಬೇಕು. ತಳ್ಳುವಾಗ ಗಂಟೆಗೆ ನಾಲ್ಕು ಕಿಲೋಮೀಟರ್ ವೇಗವೆಂದರೆ ಎರಡೂಕಾಲು ನಿಮಿಷ. ಗೇರಿನಲ್ಲಿ ಗಂಟೆಗೆ ಏಳು ಕಿಲೋಮೀಟರಿನಂತೆ ಏರಿದರೆ ಒಂದೂಕಾಲು ನಿಮಿಷ. ಗೇರಿಗೆ ಕೊಡುವ ಹೆಚ್ಚುವರಿ ಸಾವಿರಾರು ರೂಪಾಯಿ ಈ ದಾರಿಯಲ್ಲಿ ಉಳಿಸುವುದು ಒಂದು ನಿಮಿಷ.

ಈ ಲೆಕ್ಕವನ್ನು ಕೇಳಿದ ಮೇಲೆ ಅವರು ಹೆಚ್ಚು ಯೋಚಿಸಲಿಲ್ಲ. “ತಳ್ಳಿಕೊಂಡು ಹೋಗುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಇಳಿಯುವಾಗ ನಿಲ್ಲಬೇಕು, ಅಷ್ಟೇ” ಎಂದರು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ನಿರ್ಣಾಯಕ ಘಳಿಗೆ ಇದು. ಗುಡ್ಡೆಯ ದಾರಿಗೆ ಸೈಕಲ್ ಆರಿಸುವವರು ಸಾಮಾನ್ಯವಾಗಿ ಏರನ್ನೇ ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತಾರೆ; ಏರು ದಣಿಸುತ್ತದೆ ನಿಜ, ಆದರೆ ದಣಿದವರು ಇಳಿದು ನಡೆಯಬಹುದು. ಒದ್ದೆ ಇಳಿಜಾರಿನಲ್ಲಿ ಬ್ರೇಕು ಸೋತವರಿಗೆ ಆ ಅವಕಾಶವಿಲ್ಲ.

ಖರೀದಿ ಮತ್ತು ಬದಲಾವಣೆಗಳು

ಅವರು ನೋಡಿಟ್ಟಿದ್ದ ಲೇಡೀಸ್ ಸೈಕಲಿನ ಬೆಲೆ 6,900 ರೂಪಾಯಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಲಿದ್ದುದರಿಂದ ಅಲ್ಲಿಯವರೆಗೆ ಕಾದು ಕೊಂಡರು; ಬೆಲೆ 6,470ಕ್ಕೆ ಬಂತು. ಕ್ಯಾರಿಯರ್, ಮಡ್‌ಗಾರ್ಡ್, ಬುಟ್ಟಿ, ಸ್ಟ್ಯಾಂಡ್, ಚೈನನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ ಎಲ್ಲ ಅದರಲ್ಲೇ ಇದ್ದವು. ಈ ವಸ್ತುಗಳನ್ನು ಗೇರಿನ ಸೈಕಲಿಗೆ ಬೇರೆಯಾಗಿ ಕೊಳ್ಳಬೇಕಾಗುತ್ತದೆಂಬುದನ್ನು ಬೆಲೆ ಹೋಲಿಸುವವರು ಮರೆಯಬಾರದು.

ಮುಂದಿನ ಕೆಲಸ ಮುಂಚಕ್ರದ್ದು. ಬಲವಾಗಿ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಸೈಕಲನ್ನು ನಿಲ್ಲಿಸುವ ಹೆಚ್ಚಿನ ಹೊಣೆ ಮುಂಚಕ್ರದ ಮೇಲಿರುತ್ತದೆ. ಹಾಗಾಗಿ ಎರಡೂ ರಿಮ್ಮನ್ನು ಬದಲಿಸುವ ಬದಲು ಮುಂದಿನದನ್ನು ಮಾತ್ರ ಅಲಾಯ್‌ಗೆ ಬದಲಿಸಿ, ಉಳಿದ ಹಣವನ್ನು ದೀಪಕ್ಕೆ ಬಳಸುವುದೆಂದು ತೀರ್ಮಾನವಾಯಿತು. ಇಲ್ಲಿ ಎರಡು ತೊಡಕುಗಳು ಎದುರಾದವು. ಇಪ್ಪತ್ತಾರು ಇಂಚು ಎಂದು ಕರೆಯುವ ಚಕ್ರಗಳೆಲ್ಲ ಒಂದೇ ಅಳತೆಯವಲ್ಲ. ಲೇಡೀಸ್ ಸೈಕಲಿನ ಸಪೂರ ಟಯರಿನ ಬದಿಯಲ್ಲಿ 37-590 ಎಂದಿದ್ದರೆ, ದಪ್ಪ ಟಯರಿನ ಸೈಕಲಿನದರಲ್ಲಿ ಎರಡನೆಯ ಸಂಖ್ಯೆ 559. ಇದು ಮಿಲಿಮೀಟರಿನಲ್ಲಿ ರಿಮ್ಮಿನ ಮೇಲೆ ಟಯರು ಕೂರುವ ಜಾಗದ ವ್ಯಾಸ. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ, ಬ್ರೇಕಿನ ಕಟ್ಟೆಯೂ ತಲುಪುವುದಿಲ್ಲ. ಎರಡನೆಯದು ಕಡ್ಡಿಗಳ ತೂತು. ಹಳೆಯ ಮಾದರಿಯ ಸೈಕಲಿನ ಮುಂದಿನ ಹಬ್‌ನಲ್ಲಿ (ಚಕ್ರದ ನಡುಭಾಗದಲ್ಲಿ) 32 ತೂತು, ಸಿಕ್ಕಿದ ಅಲಾಯ್ ರಿಮ್ಮಿನಲ್ಲಿ 36. ಕೊನೆಗೆ ರಿಪೇರಿಯವರು ಹಬ್ ಸಹಿತ ಸಿದ್ಧ ಚಕ್ರವನ್ನೇ ಮಂಗಳೂರಿನಿಂದ ತರಿಸಿಕೊಟ್ಟರು. ಅದಕ್ಕೆ 850 ರೂಪಾಯಿ, ಅಲಾಯ್ ರಿಮ್ಮಿಗೆ ಹೊಂದುವ ಕಟ್ಟೆಗಳಿಗೆ 120.

ಹಿಂದಿನ 18 ಹಲ್ಲಿನ ಫ್ರೀವೀಲನ್ನು (ಹಿಂಚಕ್ರದಲ್ಲಿ ಚೈನು ಕೂರುವ ಹಲ್ಲಿನ ಚಕ್ರವನ್ನು) ತೆಗೆದು 22 ಹಲ್ಲಿನದನ್ನು ಹಾಕಿಸಿದೆವು. ಪೆಡಲಿನ ಒಂದು ಸುತ್ತಿಗೆ 5.1 ಮೀಟರ್ ಇದ್ದದ್ದು ಸುಮಾರು 4.2 ಮೀಟರಿಗೆ ಇಳಿಯಿತು. ಗೇರಿನ ಸೈಕಲಿನಲ್ಲಿ ಸಮತಟ್ಟಿಗೆ ಅವರ ಕಾಲು ತಾನಾಗಿಯೇ ಆರಿಸಿಕೊಂಡ 4.4 ಮೀಟರಿಗೆ ಇದು ಹತ್ತಿರ. ಹಲ್ಲು ಹೆಚ್ಚಿದ್ದರಿಂದ ಚೈನಿಗೆ ಎರಡು ಕಣ್ಣಿ ಸೇರಿಸಬೇಕಾಯಿತು. ಇವೆಲ್ಲಕ್ಕೆ 220, ಕೂಲಿ 200, ದೀಪ 250, ಬೀಗ 180. ಪಂಪು ಮನೆಯಲ್ಲಿಯೇ ಇತ್ತು. ಒಟ್ಟು 8,290 ರೂಪಾಯಿ.

ನಡೆದದ್ದು

ಮೊದಲ ವಾರಗಳಲ್ಲಿ ಮೊಣಕಾಲು ನೋವು ಕಾಣಿಸಿತು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕೆಂದು ಅವರು ಸೀಟನ್ನು ತೀರಾ ತಗ್ಗಿಸಿದ್ದರು. ಪೆಡಲು ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಷ್ಟು ಎತ್ತರ ಬೇಕು. ಒಮ್ಮೆಲೇ ಏರಿಸಿದರೆ ಹೆದರಿಕೆಯಾಗುತ್ತದೆಂದು ಸ್ವಲ್ಪ ಸ್ವಲ್ಪವಾಗಿ ಏರಿಸಿಕೊಂಡರು, ನೋವು ಹೋಯಿತು.

ತುಲಾವರ್ಷದ (ಅಕ್ಟೋಬರ್-ನವೆಂಬರಿನ ಹಿಂಗಾರಿನ) ಸಂಜೆಯ ಮಳೆಗಳಲ್ಲಿ ಮುಂಚಕ್ರ ತನ್ನ ಬೆಲೆಯನ್ನು ತೋರಿಸಿತು. ಅದೇ ಗೆರೆಯ ಪರೀಕ್ಷೆಯಲ್ಲಿ, ನೀರು ಹೊಯ್ದ ರಿಮ್ಮಿನಿಂದ ಸೈಕಲ್ ಮೂರು ಮಾರಿನೊಳಗೆ ನಿಲ್ಲುತ್ತಿತ್ತು. ಇಳಿಯುವ ಕ್ರಮವನ್ನೂ ಅವರು ಅಭ್ಯಾಸ ಮಾಡಿಕೊಂಡಿದ್ದರು: ಚಡಾವಿನ ತಲೆಯಲ್ಲೇ ಎರಡೂ ಬ್ರೇಕನ್ನು ಹಗುರಾಗಿ ತಾಗಿಸಿ ರಿಮ್ಮಿನ ನೀರನ್ನು ಒರೆಸಿಕೊಳ್ಳುವುದು, ವೇಗ ಕಟ್ಟುವುದಕ್ಕೆ ಬಿಡದೆ ಇಳಿಯುವುದು, ಮೋರಿಯ ತಿರುವಿಗೆ ಮೊದಲೇ ವೇಗ ತಗ್ಗಿಸಿ ತಿರುವಿನೊಳಗೆ ಬ್ರೇಕು ಮುಟ್ಟದಿರುವುದು. ಪಾಚಿಯ ಮೇಲೆ ಮುಂದಿನ ಬ್ರೇಕನ್ನು ಹಿಡಿದರೆ ಅಲಾಯ್ ರಿಮ್ಮೂ ಕಾಪಾಡಲಾರದು, ಏಕೆಂದರೆ ಅಲ್ಲಿ ಜಾರುವುದು ಟಯರು.

ಮನೆಯಿಂದ ಘಟಕಕ್ಕೆ ಈಗ ಇಪ್ಪತ್ತು ಇಪ್ಪತ್ತೆರಡು ನಿಮಿಷ, ಹಿಂದಿರುಗುವಾಗ ಇನ್ನೂ ಕಡಿಮೆ. ಹೂಡಿದ ಹಣ ಹತ್ತು ತಿಂಗಳಲ್ಲಿ ಮರಳುತ್ತದೆಂದು ಲೆಕ್ಕ ಹೇಳುತ್ತದೆ. ಆದರೆ ಅವರನ್ನು ಕೇಳಿದರೆ ಹಣಕ್ಕಿಂತ ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಸಮಯ ಕೈಗೆ ಬಂದುದನ್ನೇ ಮೊದಲು ಹೇಳುತ್ತಾರೆ. ನಿರ್ವಹಣೆಗೆ ಬೇಕಾಗಿರುವುದು ಅಲ್ಪ. ಮುಚ್ಚಿದ ಪೆಟ್ಟಿಗೆಯಿಂದಾಗಿ ಚೈನಿಗೆ ಹುಡಿ ತಾಗುವುದು ಕಡಿಮೆ. ಆಗಾಗ ಮಿಷಿನ್ ಎಣ್ಣೆ ಹಾಕಿ, ಹೊರಗಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಮುಂದಿನ ಬ್ರೇಕಿನ ಕಟ್ಟೆಗಳು ಮಾತ್ರ ಬೇಗ ಸವೆಯುತ್ತವೆ. ಮುರಕಲ್ಲಿನ ಕೆಸರು ಕಟ್ಟೆಯಲ್ಲಿ ಕಚ್ಚಿಕೊಂಡು ಅಲ್ಯೂಮಿನಿಯಂನ್ನು ಗೀರುವುದರಿಂದ ಮಳೆಯಲ್ಲಿ ಓಡಿಸಿದ ಮೇಲೆ ರಿಮ್ಮನ್ನೂ ಕಟ್ಟೆಯನ್ನೂ ತೊಳೆಯಬೇಕು.

ಘಟಕದ ಇನ್ನೊಬ್ಬ ಉದ್ಯೋಗಿ ಇದನ್ನು ನೋಡಿ ಅದೇ ಸೈಕಲ್, ಅದೇ 22 ಹಲ್ಲು ತಮಗೂ ಬೇಕೆಂದು ಕೇಳಿದರು. ಅವರ ದಾರಿಯನ್ನೂ ರಸಮಟ್ಟದಿಂದ ಅಳೆದೆವು. ಏಳು ಕಿಲೋಮೀಟರ್ ದೂರ, ನಡುವೆ ಮೂರು ಚಡಾವು, ಅವುಗಳಲ್ಲಿ ಒಂದು ಸುಮಾರು ಒಂದು ಕಿಲೋಮೀಟರ್ ಉದ್ದ. ಅಷ್ಟನ್ನು ದಿನವೂ ತಳ್ಳಿದರೆ ಸೈಕಲಿನ ಪ್ರಯೋಜನವೇ ಉಳಿಯುವುದಿಲ್ಲ. ಅಲ್ಲಿ ಗೇರು ಉಳಿಸುವುದು ಒಂದು ನಿಮಿಷವಲ್ಲ, ಕಾಲು ಗಂಟೆಯ ಹತ್ತಿರ. ಅವರಿಗೆ ಸಸ್ಪೆನ್ಷನ್ ಇಲ್ಲದ, ಹಿಂದೆ ಏಳು ಗೇರಿನ, ಎರಡೂ ರಿಮ್ಮು ಅಲಾಯ್ ಆಗಿರುವ ಸೈಕಲನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುತ್ತಿದ್ದೇವೆ.